ಎರಡನೇ ಸ್ಕೂಟರ್ ತರುವ ಮೊದಲು

ಕಳೆದ ತಿಂಗಳು ನಮ್ಮ ಮನೆಯಲ್ಲಿ ಒಂದು ಚರ್ಚೆ ನಡೆಯಿತು. ಕಾಪು, ಮೂಳೂರು, ಉಚ್ಚಿಲ, ಕಟಪಾಡಿಯ ಎಷ್ಟೋ ಮನೆಗಳಲ್ಲಿ ಇದೇ ಚರ್ಚೆ ನಡೆದಿರಬಹುದು, ಅಥವಾ ನಾಳೆ ನಡೆಯಬಹುದು. ಮನೆಯ ಮಗಳಿಗೆ ಮಣಿಪಾಲದಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೀಟು ಸಿಕ್ಕಿದೆ. ಎಲ್ಲರಿಗೂ ಸಂತೋಷ. ಆದರೆ ಫೀಸು, ಪುಸ್ತಕದ ಮಾತು ಮುಗಿದ ಕೂಡಲೇ ಬಂದ ಪ್ರಶ್ನೆ ಒಂದೇ. ದಿನಾ ಹೋಗಿ ಬರುವುದು ಹೇಗೆ?

ಮನೆಯಲ್ಲಿ ಈಗಾಗಲೇ ಒಂದು ಸ್ಕೂಟರ್ ಉಂಟು, ಅದು ಮಗನ ಕೆಲಸಕ್ಕೆ ಬೇಕು. ಹಾಗಾದರೆ ಇನ್ನೊಂದು ತರಬೇಕಾ? ದುಬೈಯಲ್ಲಿರುವ ಮಾಮ ಫೋನಿನಲ್ಲೇ ತೀರ್ಪು ಕೊಟ್ಟರು. “ಮಳೆಗಾಲದಲ್ಲಿ ಹೈವೇಯಲ್ಲಿ ಹುಡುಗಿ ಒಬ್ಬಳೇ ಸ್ಕೂಟರಲ್ಲಿ ಹೋಗುವುದು ಎಂತಕ್ಕೆ? ನಾನು ಹಣ ಕಳಿಸ್ತೇನೆ, ಒಂದು ಸೆಕೆಂಡ್ ಹ್ಯಾಂಡ್ ಕಾರೇ ತಗೊಳ್ಳಿ.” ಮನೆಯ ಹಿರಿಯ ಉಮ್ಮನಿಗೆ ಇದು ಸರಿ ಕಾಣಲಿಲ್ಲ. “ನಾವೆಲ್ಲ ಬಸ್ಸಲ್ಲೇ ಹೋಗಿ ಬಂದವರಲ್ವಾ?” ಎಂದರು. ಕೊನೆಗೆ ಮಗಳೇ ಹೇಳಿದ ಮಾತು ನಮ್ಮನ್ನು ಯೋಚನೆಗೆ ಹಚ್ಚಿತು. “ಬೆಳಗ್ಗೆ ಬಸ್ ಬೇಕಾದಷ್ಟು ಉಂಟು ಉಮ್ಮ. ಸಂಜೆದ್ದೇ ಪ್ರಶ್ನೆ.”

ನಗರದ ವಾಹನಗಳಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಕಡಿಮೆ ಮಾಡಬೇಕು ಎಂದು ದೊಡ್ಡ ಸಮ್ಮೇಳನಗಳಲ್ಲಿ ಮಾತಾಡುತ್ತಾರೆ. 2021ರಲ್ಲಿ ಗ್ಲಾಸ್ಗೋದಲ್ಲಿ ನಡೆದ ಹವಾಮಾನ ಸಮ್ಮೇಳನದಲ್ಲಿ ನಮ್ಮ ದೇಶವೂ 2070ರ ಹೊತ್ತಿಗೆ ಇಂಗಾಲದ ಲೆಕ್ಕವನ್ನು ಸೊನ್ನೆಗೆ ತರುತ್ತೇವೆ ಎಂದು ಮಾತು ಕೊಟ್ಟಿದೆ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಂತೆ, ಭಾರತದಲ್ಲಿ ಇಂಧನದಿಂದ ಹುಟ್ಟುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ. 12 ರಸ್ತೆ ಸಾರಿಗೆಯದ್ದು. ಆದರೆ ಆ ಶೇ. 12 ಎಲ್ಲಿ ತೀರ್ಮಾನವಾಗುತ್ತದೆ ಎಂದು ಕೇಳಿದರೆ, ಬಹುಪಾಲು ನಮ್ಮಂತಹ ಮನೆಗಳ ಚಾವಡಿಯಲ್ಲೇ.

ಒಂದು ಲೀಟರಿನ ಲೆಕ್ಕ

ಚರ್ಚೆ ಮುಗಿಯದ ಕಾರಣ ನಾವು ಪೆನ್ನು ಕಾಗದ ಹಿಡಿದು ಕುಳಿತೆವು. ಲೆಕ್ಕ ಕಷ್ಟದ್ದೇನಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಒಂದು ಲೀಟರ್ ಡೀಸೆಲ್‌ನಿಂದ ಸುಮಾರು 2.7 ಕೆ.ಜಿ. ಒಂದು ಲೀಟರ್ ಪೆಟ್ರೋಲಿನ ತೂಕವೇ ಮುಕ್ಕಾಲು ಕಿಲೋ, ಅದರಿಂದ ಎರಡು ಕಾಲು ಕಿಲೋ ಹೇಗೆ ಬಂತು ಎಂದು ಮಗ ಕೇಳಿದ. ಪೆಟ್ರೋಲಿನಲ್ಲಿರುವ ಇಂಗಾಲ ಉರಿಯುವಾಗ ಗಾಳಿಯ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಆ ಆಮ್ಲಜನಕದ ತೂಕವೂ ಸೇರುವುದರಿಂದ ಭಾರ ಹೆಚ್ಚುತ್ತದೆ.

ಕಾಪುವಿನಿಂದ ಉಡುಪಿಗೆ ಸುಮಾರು 13 ಕಿ.ಮೀ., ಅಲ್ಲಿಂದ ಮಣಿಪಾಲಕ್ಕೆ 5. ಹೋಗಿ ಬರಲು 36 ಕಿ.ಮೀ. ತಿಂಗಳಿಗೆ 25 ದಿನ ಎಂದರೆ 900 ಕಿ.ಮೀ.

ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರಿಗೆ ಇಷ್ಟು ದೂರಕ್ಕೆ 20 ಲೀಟರ್ ಪೆಟ್ರೋಲ್ ಬೇಕು. ನೂರು ರೂಪಾಯಿ ದಾಟಿದ ದರದಲ್ಲಿ ತಿಂಗಳಿಗೆ ಎರಡು ಸಾವಿರಕ್ಕೂ ಹೆಚ್ಚು, ಹೊಗೆ 46 ಕೆ.ಜಿ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿನಲ್ಲಿ ಒಬ್ಬರೇ ಹೋದರೆ 60 ಲೀಟರ್, ಆರು ಸಾವಿರ ರೂಪಾಯಿ ಮೇಲೆ, ಹೊಗೆ 138 ಕೆ.ಜಿ.

ಇನ್ನು ಬಸ್. ಲೀಟರ್ ಡೀಸೆಲಿಗೆ 4 ಕಿ.ಮೀ. ಮಾತ್ರ ಓಡುವ ಬಸ್ಸು ಕಿ.ಮೀ.ಗೆ ಸುಮಾರು 670 ಗ್ರಾಂ ಬಿಡುತ್ತದೆ. ಹಿಂದೆ ನಿಂತು ನೋಡಿದರೆ ಕಪ್ಪು ಹೊಗೆ, ಕಾರಿಗಿಂತ ಬಸ್ಸೇ ಹಾಳು ಎಂದು ಅನಿಸುವುದು ಸಹಜ. ಆದರೆ ಅದರಲ್ಲಿ 40 ಜನ ಇದ್ದರೆ ತಲೆಗೆ ಬೀಳುವುದು 17 ಗ್ರಾಂ. ತಿಂಗಳ 900 ಕಿ.ಮೀ.ಗೆ ಬರೀ 15 ಕೆ.ಜಿ. ಕಾರಿನ ಒಂಬತ್ತರಲ್ಲಿ ಒಂದು ಪಾಲು, ಸ್ಕೂಟರಿನ ಮೂರರಲ್ಲಿ ಒಂದು ಪಾಲು.

ಇಲ್ಲಿ ಒಂದು ಮಾತು ಮರೆಯಬಾರದು. ಈ ಲೆಕ್ಕ ತುಂಬಿದ ಬಸ್ಸಿನದ್ದು. ಅದೇ ಬಸ್ಸು ಹತ್ತೇ ಜನರನ್ನು ಹೊತ್ತು ಓಡಿದರೆ ತಲೆಗೆ 67 ಗ್ರಾಂ, ಆಗ ಸ್ಕೂಟರೇ ಮೇಲು. ಅಂದರೆ ಬಸ್ ಇದ್ದರೆ ಸಾಲದು, ಜನ ಅದರಲ್ಲಿ ಕೂರಬೇಕು. ಹೇಗೂ ಓಡುವ ಬಸ್ಸಿಗೆ ಒಬ್ಬಳು ಹುಡುಗಿ ಹೆಚ್ಚು ಹತ್ತಿದರೆ ಹೊಗೆ ಹೆಚ್ಚುವುದಿಲ್ಲ. ಅದೇ ಹುಡುಗಿ ಬಸ್ ಬಿಟ್ಟು ಸ್ಕೂಟರ್ ಹಿಡಿದರೆ ರಸ್ತೆಯಲ್ಲಿ ಎರಡೂ ಓಡುತ್ತವೆ.

ಬಸ್ಸಿನ ಊರು ನಮ್ಮದು

ರಾಜ್ಯದ ಬೇರೆ ಜಿಲ್ಲೆಗಳಲ್ಲಿ ಬಸ್ ಎಂದರೆ ಸರಕಾರಿ ಬಸ್. ನಮ್ಮ ಕರಾವಳಿಯಲ್ಲಿ ಬಸ್ ಎಂದರೆ ಖಾಸಗಿ. ಸಿಪಿಸಿ, ಶಂಕರ್ ವಿಠಲ್, ಹನುಮಾನ್ ಎಂಬ ಹೆಸರುಗಳನ್ನು ಹೇಳಿದರೆ ಇವತ್ತಿಗೂ ಹಿರಿಯರ ಮುಖ ಅರಳುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ದೇಶದ ಎಷ್ಟೋ ಕಡೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದವು. ಇಂಧನ ಬದಲಾಯಿತು, ಬಸ್ ನಿಲ್ಲಲಿಲ್ಲ.

ನಮ್ಮ ಸಮುದಾಯಕ್ಕಂತೂ ಬಸ್ಸು ಬರೀ ಪ್ರಯಾಣದ ಸಾಧನವಲ್ಲ. ಚಾಲಕ, ಕಂಡಕ್ಟರ್, ಕ್ಲೀನರ್, ಆಟೋ ಚಾಲಕ, ಟೆಂಪೋ ಚಾಲಕ ಎಂದು ಸ್ಟೇರಿಂಗನ್ನೇ ನಂಬಿದ ಮನೆಗಳು ಎಷ್ಟೋ ಉಂಟು. ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಮಲ್ಪೆಯಿಂದ ಮನೆ ಮನೆಗೆ ಬರುವ ಕಾಕನ ಬೈಕಿನಿಂದಲೇ ನಮ್ಮ ಅಡುಗೆ ಮನೆಯ ಮಧ್ಯಾಹ್ನ ಶುರುವಾಗುವುದು. ಆದ್ದರಿಂದ ಹೊಗೆಯ ಮಾತು ಬಂದಾಗ ದುಡಿಯುವ ವಾಹನದ ಕಡೆ ಮೊದಲು ಬೆರಳು ತೋರಿಸುವುದು ನ್ಯಾಯವಲ್ಲ. ಮೊದಲು ನೋಡಬೇಕಾದ್ದು ಅಂಗಳದಲ್ಲಿ ನಿಂತ ವಾಹನ. ಪೇಟೆಯಿಂದ ಅರ್ಧ ಕಿಲೋ ಸಕ್ಕರೆ ತರಲು ಹೊರಡುವ ಕಾರು.

ಬಸ್ಸಿನ ಕಷ್ಟ ಇರುವುದು ಒಂದು ಸುತ್ತಿನಲ್ಲಿ. ಜನ ಬಸ್ ಬಿಟ್ಟು ಸ್ಕೂಟರ್ ಹಿಡಿಯುತ್ತಾರೆ. ಸೀಟು ಖಾಲಿಯಾಗುತ್ತದೆ. ಡೀಸೆಲ್ ಖರ್ಚು ಹುಟ್ಟದ ಟ್ರಿಪ್ಪನ್ನು ಮಾಲಕರು ಕಟ್ ಮಾಡುತ್ತಾರೆ. ಟ್ರಿಪ್ ಕಟ್ ಆದ ಕಾರಣ ಉಳಿದವರೂ ಸ್ಕೂಟರ್ ಹಿಡಿಯುತ್ತಾರೆ. ಮೊದಲು ಹೋಗುವುದು ರಾತ್ರಿಯ ಟ್ರಿಪ್, ಆಮೇಲೆ ಒಳದಾರಿಯದ್ದು. ಕೊರೋನಾ ಲಾಕ್‌ಡೌನ್‌ನಲ್ಲಿ ನಿಂತ ಬಸ್ಸುಗಳಲ್ಲಿ ಎಷ್ಟೋ ಮತ್ತೆ ರಸ್ತೆಗೆ ಇಳಿಯಲೇ ಇಲ್ಲ. ಕೇಂದ್ರದ ಜೆನರ್ಮ್ ಯೋಜನೆಯಲ್ಲಿ ಉಡುಪಿ–ಮಣಿಪಾಲದಲ್ಲಿ ಓಡಿದ ‘ನರ್ಮ್’ ಬಸ್ಸುಗಳ ಕೆಲವು ದಾರಿಗಳಿಗೂ ಇದೇ ಗತಿ.

ಹೆಣ್ಣುಮಕ್ಕಳು ಬಸ್ ಬಿಡುವುದು ಯಾಕೆ?

ಮಗಳ ಮಾತನ್ನು ಪರೀಕ್ಷಿಸಲು ನಾವೂ ಒಂದು ದಿನ ಅವಳ ಜೊತೆ ಹೊರಟೆವು. ಬೆಳಗ್ಗೆ ಕಾಪುವಿನಲ್ಲಿ ಹತ್ತು ನಿಮಿಷ ಕಾಯಬೇಕಾಗಲಿಲ್ಲ. ಪಾಂಗಾಳ, ಕಟಪಾಡಿ, ಉದ್ಯಾವರ, ಕಿನ್ನಿಮೂಲ್ಕಿ ದಾಟಿ ಉಡುಪಿ. ಸರ್ವಿಸ್ ಬಸ್ ನಿಲ್ದಾಣದಲ್ಲಿ ಇಳಿದು ಪಕ್ಕದ ಸಿಟಿ ಬಸ್ ನಿಲ್ದಾಣಕ್ಕೆ ನಡೆದರೆ ಮಣಿಪಾಲದ ಬಸ್ಸು ಕಾಯುತ್ತಾ ನಿಂತಿತ್ತು. ಕಲ್ಸಂಕ, ಕಡಿಯಾಳಿ, ಕುಂಜಿಬೆಟ್ಟು, ಇಂದ್ರಾಳಿ, ಅಲ್ಲಿಂದ ಏರು ದಾರಿ. ಕಲ್ಸಂಕದಲ್ಲಿ ಸುತ್ತ ನೋಡಿದರೆ ಒಂದು ಬಸ್ಸು, ಅದರ ಹಿಂದೆ ಮುಂದೆ ಒಬ್ಬೊಬ್ಬರೇ ಕುಳಿತ ಕಾರುಗಳ ಸಾಲು. ಎಲ್ಲವೂ ನಿಂತಲ್ಲೇ ಉರಿಯುತ್ತಿದ್ದವು.

ಸಂಜೆಯ ಕಥೆ ಬೇರೆ. ಪೋಸ್ಟಿಂಗ್ ಇರುವ ದಿನ ಅವಳು ಹೊರಗೆ ಬರುವಾಗ ಏಳೂವರೆ. ಮಣಿಪಾಲದಿಂದ ಉಡುಪಿಗೆ ಹೇಗೋ ಬರಬಹುದು. ಎಂಟು ಗಂಟೆ ಕಳೆದರೆ ಕಾಪು ಕಡೆಗೆ ಬಸ್ಸು ವಿರಳ. ದೂರ ಹೋಗುವ ಎಕ್ಸ್‌ಪ್ರೆಸ್ ಬಸ್ಸು ಬಂದರೂ ಎಲ್ಲಾ ನಿಲ್ದಾಣದಲ್ಲಿ ನಿಲ್ಲುವುದಿಲ್ಲ. ಕಾಪುವಿನಲ್ಲಿ ಇಳಿದ ಮೇಲೆ ಹೈವೇ ದಾಟಬೇಕು. ನಾಲ್ಕು ಪಥದ ರಸ್ತೆ, ಲಾರಿಗಳ ವೇಗ, ಮಂದ ಬೆಳಕು. ಆ ಐದು ನಿಮಿಷದ ಹೆದರಿಕೆಗಾಗಿಯೇ ನಮ್ಮ ಎಷ್ಟೋ ಮನೆಗಳು ಸಾಲ ಮಾಡಿ ಸ್ಕೂಟರ್ ತರುತ್ತವೆ. ಅದನ್ನು ಷೋಕಿ ಎನ್ನಲು ನಮಗೆ ಬಾಯಿ ಬರುವುದಿಲ್ಲ.

ಟಿಕೆಟಿನ ಮಾತೂ ಉಂಟು. 2023ರ ಜೂನ್ 11ರಂದು ರಾಜ್ಯದಲ್ಲಿ ‘ಶಕ್ತಿ’ ಯೋಜನೆ ಶುರುವಾಯಿತು. ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಮೈಸೂರು, ಹಾಸನದ ಹುಡುಗಿ ಉಚಿತವಾಗಿ ಕಾಲೇಜಿಗೆ ಹೋಗುತ್ತಾಳೆ. ನಮ್ಮ ಮನೆ ಮುಂದಿನ ದಾರಿಯಲ್ಲಿ ಓಡುವ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯಾದ್ದರಿಂದ ಕಾಪು, ಕಾರ್ಕಳದ ಹುಡುಗಿ ಹಣ ಕೊಟ್ಟೇ ಹೋಗಬೇಕು. ಉಡುಪಿಯ ಹೊಸ ಕೆಎಸ್ಸಾರ್ಟಿಸಿ ನಿಲ್ದಾಣ ಇರುವುದು ಬನ್ನಂಜೆಯಲ್ಲಿ, ಸಿಟಿ ಬಸ್ ನಿಲ್ದಾಣದಿಂದ ದೂರ. ಸರಕಾರಿ ಬಸ್ಸಲ್ಲಿ ಬಂದವಳು ಸಿಟಿ ಬಸ್ ಹಿಡಿಯಲು ನಡೆಯಬೇಕು, ಇಲ್ಲವೇ ಆಟೋ ಮಾಡಬೇಕು. ಬಸ್ಸಿನ ಉಳಿತಾಯ ಆಟೋಗೆ ಹೋಯಿತು.

ಎಲೆಕ್ಟ್ರಿಕ್ ತಂದರೆ ಮುಗಿಯಿತಾ?

“ಹಾಗಾದರೆ ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳುವ” ಎಂದ ಮಗ. ಒಳ್ಳೆಯ ಪ್ರಶ್ನೆ, ಅದರ ಲೆಕ್ಕವನ್ನೂ ಹಾಕಿದೆವು. ಎಲೆಕ್ಟ್ರಿಕ್ ಸ್ಕೂಟರ್ ಒಂದು ಯೂನಿಟ್ ಕರೆಂಟಿಗೆ ಹೆಚ್ಚು ಕಡಿಮೆ 33 ಕಿ.ಮೀ. ಓಡುತ್ತದೆ. 900 ಕಿ.ಮೀ.ಗೆ 27 ಯೂನಿಟ್. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಂತೆ ದೇಶದ ಒಂದು ಯೂನಿಟ್ ಕರೆಂಟಿನ ಹಿಂದೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಉಂಟು. ಒಟ್ಟು 19 ಕೆ.ಜಿ. ಪೆಟ್ರೋಲ್ ಸ್ಕೂಟರಿನ 46ಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ. ಸ್ಕೂಟರ್ ಬೇಕೇ ಬೇಕು ಎನ್ನುವವರಿಗೆ ಖಂಡಿತ ಇದೇ ಒಳ್ಳೆಯದು. ಆದರೂ ತುಂಬಿದ ಹಳೇ ಡೀಸೆಲ್ ಬಸ್ಸಿನ 15 ಕೆ.ಜಿ.ಗಿಂತ ಸ್ವಲ್ಪ ಹೆಚ್ಚೇ.

ಕರೆಂಟಿಗೂ ಹೊಗೆ ಉಂಟು ಎಂಬುದನ್ನು ಕಾಪು ತಾಲೂಕಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಡುಬಿದ್ರಿ ಪಕ್ಕದ ಎಲ್ಲೂರಿನಲ್ಲಿ 1,200 ಮೆಗಾವ್ಯಾಟ್‌ನ ಸ್ಥಾವರ ಕಲ್ಲಿದ್ದಲು ಉರಿಸಿಯೇ ಕರೆಂಟು ಮಾಡುವುದು. ಅದರ ಚಿಮಣಿ ದೂರದಿಂದಲೇ ಕಾಣುತ್ತದೆ. ಹಾಗೆಂದು ಎಲ್ಲಾ ಕರೆಂಟೂ ಕಲ್ಲಿದ್ದಲಿನದ್ದಲ್ಲ. ಶರಾವತಿಯ ನೀರು, ಪಾವಗಡದ ಸೋಲಾರ್ ಕೂಡ ಅದೇ ತಂತಿಯಲ್ಲಿ ಬರುತ್ತದೆ. ಸೋಲಾರ್, ಗಾಳಿ ಹೆಚ್ಚಿದಷ್ಟೂ ಎಲೆಕ್ಟ್ರಿಕ್ ವಾಹನ ಇನ್ನಷ್ಟು ಶುದ್ಧವಾಗುತ್ತದೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಹಾಗೂ ಮೇಲಿನ ಸೋಲಾರಿಗೆ 78,000 ರೂಪಾಯಿವರೆಗೆ ಸಬ್ಸಿಡಿ ಸಿಗುತ್ತದೆ. ಟೆರೇಸಿನ ಬಿಸಿಲಲ್ಲಿ ಸ್ಕೂಟರ್ ಚಾರ್ಜ್ ಮಾಡುವ ಮನೆಗೆ ಪೆಟ್ರೋಲ್ ಬಂಕಿನ ಚಿಂತೆ ಇಲ್ಲ, ಮಳೆಗಾಲದ ನಾಲ್ಕು ತಿಂಗಳ ಮೋಡವೊಂದನ್ನು ಲೆಕ್ಕಕ್ಕೆ ಹಿಡಿಯಬೇಕು.

ಕಾರ್ಕಳದಲ್ಲಿ ಆಟೋ ಓಡಿಸುವ ನಮ್ಮ ನೆಂಟರೊಬ್ಬರ ಬಳಿ ಇದೇ ವಿಷಯ ಕೇಳಿದೆವು. ಅವರು ನಕ್ಕರು. “ನಮ್ಮದು ಏರು ತಗ್ಗಿನ ಊರು ಮಾರಾಯ್ರೆ. ಬ್ಯಾಟರಿ ಮಧ್ಯ ದಾರಿಯಲ್ಲಿ ಕೈಕೊಟ್ಟರೆ ಆ ದಿನದ ದುಡಿಮೆ ಹೋಯಿತು.” ಸಿಎನ್‌ಜಿಗೆ ಬದಲಾಯಿಸಿದರೆ ಇಂಗಾಲ ಪೆಟ್ರೋಲಿಗಿಂತ ಸುಮಾರು ಐದರಲ್ಲೊಂದು ಪಾಲು ಕಡಿಮೆ, ಖರ್ಚೂ ಕಡಿಮೆ. ಆದರೆ ಬಂಕಿನ ಮುಂದೆ ಸಾಲಿನಲ್ಲಿ ಕಾಯುವ ಹೊತ್ತಿಗೆ ಯಾರೂ ಕೂಲಿ ಕೊಡುವುದಿಲ್ಲ. ಎಲೆಕ್ಟ್ರಿಕ್ ಆಟೋ ಬರಬೇಕಾದರೆ ಆಟೋ ಸ್ಟ್ಯಾಂಡಿನಲ್ಲೇ ಚಾರ್ಜಿಂಗ್ ಬೇಕು, ಕಡಿಮೆ ಕಂತಿನ ಸಾಲ ಬೇಕು. ಹೊಗೆ ಕಡಿಮೆ ಮಾಡುವ ಭಾರವನ್ನು ದಿನದ ದುಡಿಮೆಯವನ ತಲೆಗೆ ಮಾತ್ರ ಹೊರಿಸಬಾರದು.

ಕಾರ್ಕಳಕ್ಕೆ ರೈಲೂ ಇಲ್ಲ. ಮಣಿಪಾಲ, ಹಿರಿಯಡ್ಕ, ಬೈಲೂರು ದಾರಿಯಲ್ಲಿ ಬಸ್ಸೇ ಗತಿ. ಕಾಪುವಿನವರಿಗೆ ಹತ್ತಿರದ ಇನ್ನಂಜೆಯಲ್ಲಿ ಕೊಂಕಣ ರೈಲ್ವೆಯ ನಿಲ್ದಾಣ ಉಂಟು. ಉಡುಪಿಯ ರೈಲು ನಿಲ್ದಾಣ ಇಂದ್ರಾಳಿಯಲ್ಲಿ, ಮಣಿಪಾಲದ ದಾರಿಯಲ್ಲೇ. ಕೊಂಕಣ ರೈಲು ದಾರಿ ಪೂರ್ತಿ ವಿದ್ಯುತ್ ಆಗಿ 2022ರ ಜೂನ್‌ನಲ್ಲಿ ಲೋಕಾರ್ಪಣೆಯೂ ಆಯಿತು. ಆದರೆ ಅಲ್ಲಿ ಓಡುವುದು ಹೆಚ್ಚಾಗಿ ದೂರದ ಊರಿನ ರೈಲುಗಳು. ಬೆಳಗ್ಗೆ ಸಂಜೆ ಕಾಲೇಜು, ಕೆಲಸದ ಹೊತ್ತಿಗೆ ಹೊಂದುವ ಲೋಕಲ್ ರೈಲು ಬಂದರೆ ಹೈವೇಯ ಎಷ್ಟೋ ಸ್ಕೂಟರುಗಳು ಮನೆಯಲ್ಲೇ ಉಳಿದಾವು.

ಮಾಮನಿಗೆ ಕೇಳಿದ ಪ್ರಶ್ನೆ

ಕಾರು ತಗೊಳ್ಳಿ ಎಂದ ಮಾಮನಿಗೆ ನಾವು ತಿರುಗಿ ಒಂದು ಪ್ರಶ್ನೆ ಕೇಳಿದೆವು. “ನೀವು ಅಲ್ಲಿ ಕೆಲಸಕ್ಕೆ ಹೋಗುವುದು ಯಾವುದರಲ್ಲಿ?” ಅವರು ಒಂದು ಕ್ಷಣ ಸುಮ್ಮನಾದರು. ಆಮೇಲೆ ನಗುತ್ತಾ, “ಮೆಟ್ರೋದಲ್ಲಿ” ಎಂದರು.

ಪೆಟ್ರೋಲಿನ ನಾಡಿನಲ್ಲೇ 2009ರ ಸೆಪ್ಟೆಂಬರ್ 9ರಂದು ದುಬೈ ಮೆಟ್ರೋ ಶುರುವಾಯಿತು. ಹೆಂಗಸರು ಮಕ್ಕಳಿಗೆ ಬೇರೆ ಜಾಗ, ಮೆಟ್ರೋಗೂ ಬಸ್ಸಿಗೂ ಒಂದೇ ನೋಲ್ ಕಾರ್ಡ್. ದೋಹಾದಲ್ಲಿ 2019ರಲ್ಲಿ, ರಿಯಾದ್‌ನಲ್ಲಿ 2024ರ ಡಿಸೆಂಬರ್‌ನಲ್ಲಿ ಮೆಟ್ರೋ ಬಂತು. ಅಲ್ಲಿ ಕಾರ್ಡ್ ಹಿಡಿದು ಸಾಲಿನಲ್ಲಿ ನಿಲ್ಲುವ ನಮ್ಮ ಹುಡುಗರು ರಜೆಯಲ್ಲಿ ಊರಿಗೆ ಬಂದರೆ ಪಕ್ಕದ ಅಂಗಡಿಗೂ ಬಾಡಿಗೆ ಕಾರು! ತಪ್ಪು ಹುಡುಗರದ್ದು ಮಾತ್ರವಲ್ಲ. ಅಲ್ಲಿ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಗೊತ್ತು. ಇಲ್ಲಿ ಕೊನೆಯ ಬಸ್ಸು ಉಂಟೋ ಇಲ್ಲವೋ ಎಂಬುದೇ ಗೊತ್ತಿಲ್ಲ. ಉಡುಪಿಗೆ ಮೆಟ್ರೋ ಬೇಕೆಂದು ನಾವು ಹೇಳುವುದಿಲ್ಲ. ನಂಬಬಹುದಾದ ಬಸ್ಸು ಸಾಕು.

ಕಡಲು ಹೇಳುವ ಮಾತು

ನಮ್ಮ ಒಂದು ಸ್ಕೂಟರ್ ನಿಂತರೆ ಲೋಕ ತಣ್ಣಗಾಗುತ್ತದೆಯೇ ಎಂದು ಕೇಳಬಹುದು. ಇಲ್ಲ. ಆದರೆ ಲೋಕ ಬಿಸಿಯಾಗುವುದರ ಪೆಟ್ಟು ಮೊದಲು ಬೀಳುವುದು ನಮ್ಮಂತಹ ಕಡಲ ಕರೆಗೆ. ಅರಬಿ ಸಮುದ್ರ ಬಿಸಿಯಾಗುತ್ತಿದೆ, ಅಲ್ಲಿ ಚಂಡಮಾರುತಗಳು ಹೆಚ್ಚುತ್ತಿವೆ ಎಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಹೇಳುತ್ತಾ ಬಂದಿದ್ದಾರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಕಾಪು, ಪಡುಬಿದ್ರಿಯ ಕಡಲ ಕರೆಯಲ್ಲಿ ಅಲೆ ಎಲ್ಲಿವರೆಗೆ ನುಗ್ಗಿತು ಎಂದು ನಾವು ಕಣ್ಣಾರೆ ಕಂಡವರು. ಎಲ್‌ನಿನೋ ಬಂದು ನೀರು ಬಿಸಿಯಾದ ವರ್ಷಗಳಲ್ಲಿ ಬೂತಾಯಿ ಕಡಿಮೆಯಾಗುವುದನ್ನು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಗುರುತಿಸಿದೆ. ಬೂತಾಯಿ ಇಲ್ಲದ ಊಟ ನಮ್ಮ ಮನೆಗಳಲ್ಲಿ ಊಟವೇ ಅಲ್ಲ ಎಂದು ಹೇಳಬೇಕಾಗಿಲ್ಲವಲ್ಲ.

ನಾವು ಮಾಡಬಹುದಾದ್ದು

ಮೊದಲನೆಯದು ಕೇಳುವುದು. ಬಸ್ಸಿನ ಪರ್ಮಿಟ್, ಸಮಯ ನಿರ್ಧರಿಸುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿ, ಕಚೇರಿ ಮಣಿಪಾಲದ ರಜತಾದ್ರಿಯಲ್ಲಿ. ಪರ್ಮಿಟಿನಲ್ಲಿರುವ ಟ್ರಿಪ್ ಓಡಿಸದೆ ಕಟ್ ಮಾಡಿದರೆ ಕ್ರಮ ಕೈಗೊಳ್ಳುವ ಅಧಿಕಾರ ಪ್ರಾಧಿಕಾರಕ್ಕೆ ಉಂಟು. “ಬಸ್ ಇಲ್ಲ” ಎಂದು ಬರೆದರೆ ಯಾರೂ ಗಮನ ಕೊಡುವುದಿಲ್ಲ. ಯಾವ ದಾರಿ, ಎಷ್ಟು ಗಂಟೆಗೆ, ಎಷ್ಟು ಜನ ಹತ್ತುತ್ತೇವೆ ಎಂದು ಬರೆದು, ಸಹಿ ಹಾಕಿ ಕೊಡಬೇಕು. ಬಸ್ ಮಾಲಕರಿಗೂ ಅದರ ಪ್ರತಿ ಕೊಡಿ. ಖಚಿತ ಪ್ರಯಾಣಿಕರು ಇದ್ದಾರೆ ಎಂದು ಗೊತ್ತಾದರೆ ಟ್ರಿಪ್ ಓಡಿಸಲು ಅವರಿಗೂ ಧೈರ್ಯ ಬರುತ್ತದೆ. ಈ ಕೆಲಸ ನಮ್ಮ ಜಮಾಅತ್ ಮಾತ್ರ ಮಾಡುವಂಥದ್ದಲ್ಲ. ಅದೇ ಬಸ್ಸಿಗೆ ಕಾಯುವ ಪಕ್ಕದ ಮನೆಯ ಅಕ್ಕ, ಅಂಗಡಿಯ ಅಣ್ಣ ಎಲ್ಲರ ಸಹಿಯೂ ಬೇಕು. ನಿಲ್ದಾಣದ ಬಳಿ ಬೀದಿದೀಪ, ಹೈವೇ ದಾಟಲು ಸುರಕ್ಷಿತ ಜಾಗ ಕೂಡ ಅದೇ ಮನವಿಯಲ್ಲಿ ಇರಲಿ.

ಎರಡನೆಯದು ನಮ್ಮ ಮದುವೆಗಳು. ಹಿಂದೆ ಪುದಿಯಾಪ್ಲೆಯ ಜೊತೆ ಒಂದು ಸ್ಪೆಷಲ್ ಬಸ್ಸಿನಲ್ಲಿ ಇಡೀ ಊರೇ ಹೊರಡುತ್ತಿತ್ತು. ಆ ಬಸ್ಸಿನ ನಗು ತಮಾಷೆ ಹಿರಿಯರಿಗೆ ಇನ್ನೂ ನೆನಪುಂಟು. ಈಗ ಇಪ್ಪತ್ತು ಮೂವತ್ತು ಕಾರು, ಹಾಲ್‌ನ ಮುಂದೆ ಪಾರ್ಕಿಂಗ್ ಜಗಳ. ಎರಡು ಬಸ್ಸು ಮಾಡಿದರೆ ಖರ್ಚೂ ಕಡಿಮೆ, ಹೊಗೆಯೂ ಕಡಿಮೆ, ಬಸ್ಸಿನವರಿಗೆ ಒಂದು ದಿನದ ಬಾಡಿಗೆಯೂ ಸಿಕ್ಕಿತು.

ಮೂರನೆಯದು ಹತ್ತಿರದ ದಾರಿ. ಜುಮಾಕ್ಕೆ ಒಬ್ಬೊಬ್ಬರೇ ಕಾರು ತರುವ ಬದಲು ಅಕ್ಕಪಕ್ಕದ ನಾಲ್ವರು ಸೇರಿ ಬಂದರೆ ಮಸೀದಿ ಮುಂದಿನ ರಸ್ತೆಯೂ ಖಾಲಿ. ಮದರಸಕ್ಕೆ ಹತ್ತು ನಿಮಿಷದ ದಾರಿಯಾದರೆ ಮಕ್ಕಳು ಜೊತೆಯಾಗಿ ನಡೆಯಲಿ. ಟಯರಿನ ಗಾಳಿ ಸರಿ ಇಡುವುದು, ಸಿಗ್ನಲಿನಲ್ಲಿ ತುಂಬಾ ಹೊತ್ತು ನಿಂತರೆ ಇಂಜಿನ್ ಬಂದ್ ಮಾಡುವುದು, ಇವೆಲ್ಲ ದೊಡ್ಡ ತ್ಯಾಗವಲ್ಲ. ಪೆಟ್ರೋಲ್ ಹಣ ಉಳಿಯುವುದೂ ನಮಗೇ.

ನಾವು ಕಂಡುಕೊಂಡದ್ದು

ನಮ್ಮ ಮನೆಯ ಚರ್ಚೆ ಸದ್ಯಕ್ಕೆ ಹೀಗೆ ನಿಂತಿದೆ. ಆರು ತಿಂಗಳು ಎರಡನೇ ಸ್ಕೂಟರ್ ಇಲ್ಲ, ಕಾರೂ ಇಲ್ಲ. ಬೆಳಗ್ಗೆ ಮಗಳು ಬಸ್ಸಿನಲ್ಲಿ ಹೋಗುತ್ತಾಳೆ. ತರಗತಿ ಬೇಗ ಮುಗಿದ ದಿನ ಬಸ್ಸಿನಲ್ಲೇ ಬರುತ್ತಾಳೆ. ಪೋಸ್ಟಿಂಗ್ ಇರುವ ದಿನ ಅಣ್ಣ ಕೆಲಸ ಮುಗಿಸಿ ಉಡುಪಿಯಿಂದ ಕರೆದುಕೊಂಡು ಬರುತ್ತಾನೆ. ಒಂದೇ ಸ್ಕೂಟರಿನಲ್ಲಿ ಇಬ್ಬರು, ಇಬ್ಬರಿಗೂ ಹೆಲ್ಮೆಟ್. ಅವನಿಗೆ ಆಗದ ದಿನ ಏನು ಮಾಡುವುದು ಎಂಬುದಕ್ಕೆ ನಮ್ಮಲ್ಲಿ ಇನ್ನೂ ಉತ್ತರ ಇಲ್ಲ. ಅಂತಹ ದಿನ ಮನೆಯ ಹಿರಿಯ ಉಮ್ಮ ಗೇಟಿನ ಬಳಿಯೇ ಕುಳಿತಿರುತ್ತಾರೆ.

ಎಂಟೂವರೆಯ ಬಸ್ಸಿಗಾಗಿ ಮನವಿಯೊಂದನ್ನು ಬರೆದು ಅಕ್ಕಪಕ್ಕದ ಮನೆಗಳಿಗೆ ಕೊಟ್ಟಿದ್ದೇವೆ. ಮಣಿಪಾಲಕ್ಕೆ, ಉಡುಪಿಗೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಇಷ್ಟು ಜನ ಇದ್ದಾರೆಂದು ನಮಗೇ ಗೊತ್ತಿರಲಿಲ್ಲ. ಸಹಿ ಹಾಕಿದ ಒಬ್ಬ ಉಮ್ಮ ಹೇಳಿದರು, “ಬಸ್ ಬಂದರೆ ನಮ್ಮ ಮಗಳ ಸ್ಕೂಟರಿನ ಸಾಲ ಉಳಿಯಿತು.” ಮಾಮ ಕಾರಿಗೆಂದು ತೆಗೆದಿಟ್ಟ ಹಣವನ್ನು ಮಗಳ ಫೀಸಿಗೆ ಕಳಿಸುತ್ತೇನೆ ಎಂದಿದ್ದಾರೆ. ಆದರೆ ಫೋನ್ ಇಡುವ ಮೊದಲು ಒಂದು ಮಾತು ಸೇರಿಸಲು ಮರೆಯಲಿಲ್ಲ. “ಆರು ತಿಂಗಳಲ್ಲಿ ಬಸ್ ಬರದಿದ್ದರೆ ಮತ್ತೆ ನನಗೇ ಫೋನ್ ಮಾಡಿ.”

ಆ ಫೋನ್ ಮಾಡುವ ಸಂದರ್ಭ ಬಾರದಿರಲಿ. ನಿಮ್ಮ ಮನೆಯಲ್ಲೂ ಎರಡನೇ ವಾಹನದ ಮಾತು ಬಂದಿದ್ದರೆ, ಶೋರೂಮಿಗೆ ಹೋಗುವ ಮೊದಲು ಒಂದು ಸಂಜೆ ಬಸ್ ನಿಲ್ದಾಣಕ್ಕೆ ಹೋಗಿ ನಿಂತು ನೋಡಿ. ಬಸ್ ಬಂದರೆ ಹತ್ತಿ. ಬಾರದಿದ್ದರೆ ಪಕ್ಕದಲ್ಲಿ ನಿಂತವರ ಹೆಸರು ಕೇಳಿ ಬರೆದುಕೊಳ್ಳಿ. ಮನವಿಗೆ ಬೇಕಾದ ಮೊದಲ ಸಹಿಗಳು ಅಲ್ಲೇ ಸಿಗುತ್ತವೆ.